ಹಗೇವಿಗೆ ಪೈಪು ಹಾಕಿಸಿದ ವರ್ಷ

ನೆಲದೊಳಗಿನ ಗಾಳಿ ನಮ್ಮ ಹೊಲಿಗೆ ಕೋಣೆಗೆ ಬರುತ್ತಿತ್ತು. ಪೈಪು ಹಾಕಿ ಮಾಳಿಗೆ ಮೇಲಕ್ಕೆ ಬಿಟ್ಟೆವು, ಹೋಯಿತು. ಆದದ್ದು ಇಷ್ಟೇ. ದೆವ್ವ ಇರಲಿಲ್ಲ, ಯಾರ ಮಾಟವೂ ಇರಲಿಲ್ಲ, ಮನೆಯ ದಿಕ್ಕೂ ಕೆಟ್ಟಿರಲಿಲ್ಲ. ಓಣಿಯವರು ಇವತ್ತಿಗೂ ಅದಕ್ಕೆ ಕೋಡು ಬಾಲ ಹಚ್ಚಿ ಹೇಳುತ್ತಾರೆ. ಹೇಳಿಕೊಳ್ಳಲಿ. ಮನೆಯೊಳಗೆ ಇದ್ದವಳು ನಾನು.

ಮೊನ್ನೆ ನೇಮಕಲ್ಲಿಗೆ ಹೋಗಿದ್ದೆ. ಆಂಜನೇಯನಿಗೆ ಕಾಯಿ ಒಡೆಸಿ ಅಲ್ಲೇ ಇರುವ ನನ್ನ ತಂಗಿಯ ಮನೆಗೆ ಹೋದರೆ, ಅವರು ಹಳೆ ಮನೆ ಕೆಡವಿಸುತ್ತಿದ್ದರು. ನಡುಮನೆಯ ಬಂಡೆ ಎಬ್ಬಿಸಿದಾಗ ಕೆಳಗೆ ಹಗೇವಿನ ಬಾಯಿ ಕಂಡಿತು. ಹಳೆ ಜೋಳ, ಬೂದಿ, ತಣ್ಣನೆಯ ಮಣ್ಣು, ಎಲ್ಲ ಸೇರಿದ ವಾಸನೆ ಒಮ್ಮೆಲೇ ಮೇಲೆ ಬಂತು. ಕೂಲಿಯವರು ಮೂಗು ಮುಚ್ಚಿಕೊಂಡು ಹಿಂದೆ ಸರಿದರು. ನಾನು ಅಲ್ಲೇ ನಿಂತೆ. ರಾಯದುರ್ಗದ ನಮ್ಮ ಮನೆಯ ಆ ಒಂದು ವರ್ಷ ಇಡಿಯಾಗಿ ನೆನಪಾಯಿತು.

ಈಗಿನವರಿಗೆ ಹಗೇವು ಗೊತ್ತಿಲ್ಲ. ಮನೆಯೊಳಗೇ ನೆಲ ತೋಡಿ ಮಾಡಿದ ಜೋಳದ ಗುಂಡಿ ಅದು. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು, ಹೊಟ್ಟೆ ದೊಡ್ಡದು. ಜೋಳ ತುಂಬಿ, ಮೇಲೆ ಹುಲ್ಲು ಬೂದಿ ಹಾಕಿ, ಬಂಡೆ ಮುಚ್ಚಿ, ಸುತ್ತ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಕೆಡುವುದಿಲ್ಲ. ಆದರೆ ಒಳಗೆ ಕೆಟ್ಟ ಗಾಳಿ ಕಟ್ಟಿಕೊಂಡಿರುತ್ತದೆ. ಬಾಯಿ ತೆರೆದು ಬಿಡಬೇಕು, ಗಾಳಿ ಹೋಗಬೇಕು, ಆಮೇಲೆ ಹಗ್ಗಕ್ಕೆ ದೀಪ ಕಟ್ಟಿ ಇಳಿಸಬೇಕು. ದೀಪ ಉರಿದರೆ ಮನುಷ್ಯ ಇಳಿಯಬಹುದು. ಆರಿದರೆ ಇಳಿಯಬಾರದು. ನಾನು ಮದುವೆಯಾಗಿ ಬಂದ ಹೊಸದರಲ್ಲಿ ಕೆಳಗಿನ ಓಣಿಯವನೊಬ್ಬ ದೀಪ ಇಳಿಸದೆ ಇಳಿದ. ಅವನನ್ನು ಹಗ್ಗ ಹಾಕಿ ಎಳೆದು ತೆಗೆಯಬೇಕಾಯಿತು, ಉಸಿರು ಇರಲಿಲ್ಲ. ನಮ್ಮ ಮಾವ ಅವತ್ತೇ ನನ್ನನ್ನು ಕರೆದು ದೀಪ ಇಳಿಸುವುದನ್ನು ಕಲಿಸಿದ.

ಆಮೇಲೆ ಜೋಳದ ಹೊಲಕ್ಕೆಲ್ಲ ಕಡಲೆಕಾಯಿ ಬಂತು, ಮನೆಗೆ ರೇಷನ್ ಅಕ್ಕಿ ಬಂತು. ಹಗೇವು ಖಾಲಿ ಬಿತ್ತು. ಮೇಲೆ ಬಂಡೆ ಹಾಸಿ ನಾವೂ ಮರೆತೆವು. ಮನೆ ಇರುವುದು ಕೋಟೆ ಬೆಟ್ಟದ ಬುಡದಲ್ಲಿ. ಗೋಡೆ ಕಲ್ಲು, ನೆಲ ಕಲ್ಲು, ನೆಲದ ಕೆಳಗೆ ಮತ್ತೆ ಕಲ್ಲು.

ಆ ಕಾಲದಲ್ಲಿ ನಮ್ಮ ಕಡೆ ಜನ ಎರಡೇ ಥರ. ಬಸ್ಸು ಹತ್ತಿ ಬೆಂಗಳೂರು ಗಾರ್ಮೆಂಟ್ಸಿಗೆ ಹೋದವರು ಒಂದು, ಊರಲ್ಲೇ ಕೂತು ಜೀನ್ಸ್ ಪ್ಯಾಂಟು ಹೊಲಿಯುವವರು ಇನ್ನೊಂದು. ನನ್ನ ಮಗ ಮಲ್ಲೇಶ, ಸೊಸೆ ರತ್ನ ಇಬ್ಬರೂ ಬೆಂಗಳೂರಿನಲ್ಲಿದ್ದರು. ಅವನು ಇಸ್ತ್ರಿ, ಅವಳು ಹೊಲಿಗೆ. ಮಗು ಗೌರಿಯನ್ನು ಬೆಳಿಗ್ಗೆ ಪಕ್ಕದ ಮನೆಯ ಮುದುಕಿಯ ಹತ್ತಿರ ಬಿಟ್ಟು ಹೋಗುತ್ತಿದ್ದರು. ಒಂದು ದಿನ ಆ ಮುದುಕಿ ಮಗುವನ್ನು ಒಳಗೆ ಹಾಕಿ ಬೀಗ ಜಡಿದು ಮದುವೆ ಊಟಕ್ಕೆ ಹೋದಳಂತೆ. ರತ್ನ ಸಂಜೆ ಬಂದು ನೋಡಿದರೆ, ಕೂಗಿ ಕೂಗಿ ಮಗುವಿಗೆ ದನಿಯೇ ಇರಲಿಲ್ಲ. ಮರುವಾರ ಅವಳು ಗಂಡನನ್ನು ಅಲ್ಲೇ ಬಿಟ್ಟು, ಮಗುವನ್ನು ಎತ್ತಿಕೊಂಡು ನನ್ನ ಬಾಗಿಲಲ್ಲಿ ನಿಂತಿದ್ದಳು.

ಅವಳು ಮಡಕಶಿರಾ ಕಡೆಯವಳು, ಅಗಳಿಯ ಹತ್ತಿರ. ಮಾತೂ ಆ ಕಡೆಯದೇ. "ಅತ್ತೆ, ನಾನು ಇಲ್ಲೇ ಇರ್ತೀನಿ. ಮಿಷನ್ ಹಾಕ್ಕಂತೀನಿ. ನಿಮ್ಮ ಕೈ ಕಾಯಲ್ಲ," ಅಂದಳು.

"ನನ್ನ ಕೈಯಾಗ ಏನೈತಿ ಕಾಯಾಕ?" ಅಂದೆ. "ಹಗೇವಿನ ಕೋಣಿ ಖಾಲಿ ಐತಿ. ಕಸ ಹೊಡದು ಕುಂದರು."

ಅವಳು ಕೂತಳು. ಊರಿನ ಜೀನ್ಸ್ ಯೂನಿಟ್ಟಿನಿಂದ ಕತ್ತರಿಸಿದ ಬಟ್ಟೆಯ ಬಂಡಲ್ ತರುವುದು, ಜೇಬು ಹೊಲಿಯುವುದು, ತಿರುಗಿ ಕೊಡುವುದು. ನಾನು ಪಕ್ಕದಲ್ಲಿ ಕೂತು ದಾರದ ತುದಿ ಕತ್ತರಿಸುವುದು. ನಮ್ಮೂರಿನ ಗಾಳಿ ಗೊತ್ತಲ್ಲ, ಬೀಸಿದರೆ ಕೆಂಪು ಮಣ್ಣನ್ನೇ ಹೊತ್ತು ತರುತ್ತದೆ. ಬಟ್ಟೆಗೆ ಮಣ್ಣು ಹತ್ತಿದರೆ ಬಂಡಲ್ ವಾಪಸ್ಸು. ಅದಕ್ಕೇ ಇದ್ದ ಒಂದು ಕಿಟಕಿಗೂ ಗೋಣಿಚೀಲ ತುರುಕಿದೆವು. ಮಾಳಿಗೆಯ ಬೆಳಕಿಂಡಿಗೆ ತಗಡು ಮುಚ್ಚಿದೆವು. ಹಗಲೆಲ್ಲ ಲೈಟು ಹಾಕಿಕೊಂಡು ಮೂವರೂ ಅದೇ ಕೋಣೆಯಲ್ಲಿ. ಮಲಗುವುದೂ ಅಲ್ಲೇ. ರತ್ನಳ ಮುಖದಲ್ಲಿ ಸ್ವಲ್ಪ ರಕ್ತ ಬಂತು. ಗೌರಿ ಮತ್ತೆ ಕೂಗಲು ಕಲಿಯಿತು, ಓಣಿಗೆಲ್ಲ ಕೇಳುವಂತೆ.

ದೀಪಾವಳಿ ಮುಗಿದ ಮೇಲೆ ಒಂದು ಜೀಪು ಬಂತು. ಯೂನಿವರ್ಸಿಟಿಯವರು. ಅದರಿಂದ ಇಳಿದ ಹುಡುಗಿಯ ಹೆಸರು ಶೈಲಜ. ತೆಲುಗು ಹುಡುಗಿ, ತೆಳ್ಳಗೆ, ಬಿಸಿಲಿಗೆ ಮೂಗು ಕೆಂಪಗೆ. ಅವಳು ಮಾತಾಡಿದ್ದೆಲ್ಲ ತೆಲುಗಿನಲ್ಲಿ, ಆಂಧ್ರಕ್ಕೆ ಸೇರಿದ ನಮ್ಮೂರಲ್ಲಿ ಅದು ಎಲ್ಲರಿಗೂ ಬರುತ್ತದೆ, ನಾನು ಕನ್ನಡದಲ್ಲೇ ಬರೆಯುತ್ತೇನೆ. ಕೈಯಲ್ಲಿ ಮುಚ್ಚಳ ಹಾಕಿದ ಒಂದು ಪುಟ್ಟ ಪ್ಲಾಸ್ಟಿಕ್ ಬಟ್ಟಲು.

"ಅವ್ವಾ, ಇದನ್ನ ನಿಮ್ಮ ಮನೇಲಿ ಸಂಕ್ರಾಂತಿ ಮುಗಿಯೋ ತನಕ ತೂಗಹಾಕಬೇಕು."

"ಯಾಕ? ನಮ್ಮ ಮನಿಗೆ ದೃಷ್ಟಿ ಆಗೈತೇನು?"

ಹುಡುಗಿ ನಕ್ಕಳು. ಆಮೇಲೆ ಕೂತು ಹೇಳಿದಳು. ಈ ಬೆಟ್ಟದ ಕಲ್ಲಿನೊಳಗಿಂದ ರೇಡಾನ್ ಅಂತ ಒಂದು ಗಾಳಿ ಹುಟ್ಟುತ್ತದಂತೆ. ಬಣ್ಣ ಇಲ್ಲ, ವಾಸನೆ ಇಲ್ಲ. ಬಯಲಲ್ಲಿ ಹಾರಿ ಹೋಗುತ್ತದೆ, ಮುಚ್ಚಿದ ಕೋಣೆಯಲ್ಲಿ ಕೂಡಿಕೊಳ್ಳುತ್ತದೆ. ವರ್ಷಗಟ್ಟಲೆ ಅದನ್ನೇ ಉಸಿರಾಡಿದರೆ ಶ್ವಾಸಕೋಶಕ್ಕೆ ಹುಣ್ಣು, ಕ್ಯಾನ್ಸರು ಕೂಡ. ಬೀಡಿ ಸೇದುವವರಿಗಂತೂ ಇನ್ನೂ ಕೆಟ್ಟದ್ದು. ಬಟ್ಟಲಿನೊಳಗೆ ಒಂದು ಚೂರು ಫಿಲ್ಮ್ ಇದೆ, ಆ ಗಾಳಿ ಅದರ ಮೇಲೆ ಗೀರು ಬಿಡುತ್ತದೆ, ಗೀರು ಎಣಿಸಿದರೆ ಎಷ್ಟಿದೆ ಅಂತ ತಿಳಿಯುತ್ತದೆ.

"ಈ ಬೆಟ್ಟ ನಮ್ಮ ಮುತ್ತಜ್ಜನ ಕಾಲದಿಂದ ಐತಿ," ಅಂದೆ. "ಯಾರನ್ನೂ ಕಚ್ಚಿಲ್ಲ."

"ಇದ್ದರೂ ಇರಬಹುದು, ಇಲ್ಲದೆಯೂ ಇರಬಹುದು ಅವ್ವಾ. ನೋಡೋಣ ಅಂತಲೇ ಬಂದಿರೋದು. ನೀವು ಹೇಗಿದ್ದೀರೋ ಹಾಗೇ ಇರ್ರಿ. ಏನೂ ಬದಲಾಯಿಸಬೇಡಿ."

ಮಿಷನ್ನಿನ ಮೇಲೆ, ಗೋಡೆಯಿಂದ ಸ್ವಲ್ಪ ದೂರಕ್ಕೆ, ದಾರ ಕಟ್ಟಿ ಬಟ್ಟಲು ತೂಗಹಾಕಿ ಹೋದಳು.

ಅವಳು ಏನೂ ಬದಲಾಯಿಸಬೇಡಿ ಅಂದಿದ್ದು ನನ್ನ ಕಿವಿಗೆ ಬಿದ್ದಿತ್ತು. ಆದರೆ ಅದರ ಹಿಂದೆಯೇ ಇನ್ನೊಂದು ಮಾತು ಬಿದ್ದಿತ್ತಲ್ಲ, ನೆಲದೊಳಗೆ ಕೆಟ್ಟ ಗಾಳಿ ಅಂತ. ನೆಲದೊಳಗೆ ಕೆಟ್ಟ ಗಾಳಿ ಇದ್ದರೆ ಏನು ಮಾಡಬೇಕು ಅನ್ನುವುದು ನಮ್ಮ ಓಣಿಯ ಕೂಸಿಗೂ ಗೊತ್ತು. ಬಾಯಿ ತೆರೆದು ಬಿಡಬೇಕು. ಅವಳ ಜೀಪು ತಿರುವಿನಲ್ಲಿ ಮರೆಯಾದದ್ದೇ ತಡ, ಹಾರೆ ತಂದೆ.

"ಅತ್ತೆ, ಆವಮ್ಮ ಈಗ್ತಾನೇ ಹೇಳಿ ಹೋದ್ಳು," ಅಂದಳು ರತ್ನ.

"ಆಕಿ ಪುಸ್ತಕದಾಗ ಓದ್ಯಾಳ. ನಾನು ಹಗೇವಿನಾಗ ಇಳಿದೀನಿ. ಹಿಡಿ ಈ ಕಡೆ."

ಇಬ್ಬರೂ ಸೇರಿ ಬಂಡೆ ಸರಿಸಿದೆವು. ಪಕ್ಕದ ಮನೆಯ ಈರಮ್ಮ ಸದ್ದು ಕೇಳಿ ಬಂದಳು, ಅವಳ ಹಿಂದೆ ಇನ್ನಿಬ್ಬರು. ಎರಡು ದಿನ ಬಿಟ್ಟು ಅವರ ಎದುರಿಗೇ ಹಗ್ಗಕ್ಕೆ ದೀಪ ಕಟ್ಟಿ ಇಳಿಸಿದೆ. ದೀಪ ಮದುವೆಮನೆಯ ದೀಪದ ಹಾಗೆ ನೆಟ್ಟಗೆ ಉರಿಯಿತು.

"ನೋಡ್ರಿ," ಅಂದೆ. "ಎಲ್ಲೈತಿ ಗಾಳಿ?"

"ಜೀಪಿನಾಗ ಬಂದಿತ್ತು, ಜೀಪಿನಾಗ ಹೋತು," ಅಂದಳು ಈರಮ್ಮ. ಎಲ್ಲರೂ ನಕ್ಕೆವು.

ಆದರೂ ಇರಲಿ ಅಂತ ಬಾಯಿ ಮುಚ್ಚಲಿಲ್ಲ. ಇದ್ದದ್ದೆಲ್ಲ ಹೋಗಿಬಿಡಲಿ ಅಂದುಕೊಂಡೆ. ಮಗು ಬೀಳಬಾರದು ಅಂತ ಮೇಲೆ ಕಬ್ಬಿಣದ ಜಾಲರಿ ಹಾಕಿ ಅಂಚಿಗೆ ಕಲ್ಲು ಹೇರಿದೆ. ಚಳಿಗಾಲ ಪೂರ್ತಿ ಹಗೇವು ಬಾಯಿ ಬಿಟ್ಟುಕೊಂಡಿತ್ತು, ನಾವು ಅದರ ಪಕ್ಕದಲ್ಲೇ ಕೂತು ಜೇಬು ಹೊಲಿದೆವು, ದಾರ ಕತ್ತರಿಸಿದೆವು, ಕಿಟಕಿಯ ಗೋಣಿಚೀಲ ಗೋಣಿಚೀಲದ ಜಾಗದಲ್ಲೇ ಇತ್ತು. ಸಂಕ್ರಾಂತಿ ಮುಗಿದ ಮೇಲೆ ಜೀಪು ಓಣಿಯ ತುದಿಗೆ ಬಂದು ಹಾರ್ನ್ ಹೊಡೆಯಿತು. ಬಟ್ಟಲನ್ನು ನಾನೇ ಇಳಿಸಿ, ಅವರು ಕೊಟ್ಟಿದ್ದ ಕವರಿಗೆ ಹಾಕಿ ಕೊಟ್ಟು ಬಂದೆ. ಮನೆಯೊಳಗೆ ಯಾರೂ ಬರಲಿಲ್ಲ. ಬಂದಿದ್ದರೆ ತೆರೆದ ಹಗೇವು ಅವತ್ತೇ ಕಾಣುತ್ತಿತ್ತು.

ಶಿವರಾತ್ರಿಯ ಹೊತ್ತಿಗೆ ಶೈಲಜ ಒಬ್ಬಳೇ ಬಂದಳು. ಮುಖ ನೋಡಿದಾಗಲೇ ಗೊತ್ತಾಯಿತು, ಸಿಹಿ ಸುದ್ದಿ ಅಲ್ಲ. ನೀರು ಕೊಟ್ಟೆ, ಕುಡಿಯಲಿಲ್ಲ.

"ಅವ್ವಾ, ಈ ಓಣಿಯಲ್ಲಿ ಎಲ್ಲರ ಮನೆಯಲ್ಲೂ ಸ್ವಲ್ಪ ಸ್ವಲ್ಪ ಇದೆ. ನಿಮ್ಮ ಮನೆಯದು ಬೇರೆ ಥರಾನೇ ಇದೆ, ತುಂಬಾ ಜಾಸ್ತಿ. ನಮ್ಮ ಸಾರ್ ಎರಡು ಸಲ ಎಣಿಸಿದರು. ಆ ಕೋಣೆಯಲ್ಲಿ ಇನ್ನು ಮಲಗಬೇಡಿ."

ರತ್ನ ಮಿಷನ್ ನಿಲ್ಲಿಸಿದಳು. "ಮಗೀಗೆ ಏನಾದ್ರೂ ಆಗೈತಾ?" ಅಂತ ಕೇಳಿದಳು. ಅವಳ ದನಿ ಅಷ್ಟು ಸಣ್ಣಗಾದದ್ದನ್ನು ನಾನು ಹಿಂದೆ ಕೇಳಿರಲಿಲ್ಲ.

"ಒಂದು ಚಳಿಗಾಲಕ್ಕೆ ಹಾಗೆ ಏನೂ ಆಗೋದಿಲ್ಲ ಅಕ್ಕ. ಇದು ವರ್ಷಗಳ ಲೆಕ್ಕ. ಹೆದರಬೇಡಿ, ಆದರೆ ಹೀಗೇ ಬಿಡಬೇಡಿ." ಆಮೇಲೆ ಒಳಗೆ ನಡೆದಳು. ಜಾಲರಿ ನೋಡಿ ನಿಂತಳು. "ಅವ್ವಾ, ಇದೇನಿದು? ಅವತ್ತು ಇರಲಿಲ್ಲವಲ್ಲ."

ಹೇಳಿದೆ. ಮುಚ್ಚಿಡುವಂಥದ್ದು ಏನಿದೆ? ಹಗೇವು, ಕೆಟ್ಟ ಗಾಳಿ, ಬಾಯಿ ತೆರೆದದ್ದು, ದೀಪ ಉರಿದದ್ದು, ಎಲ್ಲ. ಅವಳು ಬೈಯಲಿಲ್ಲ, ತಲೆ ಚಚ್ಚಿಕೊಳ್ಳಲಿಲ್ಲ. ಜಾಲರಿಯ ಪಕ್ಕ ಕುಕ್ಕರುಗಾಲಿನಲ್ಲಿ ಕೂತು ಬಾಯೊಳಗೆ ಬಗ್ಗಿ ನೋಡಿದಳು. ಆಮೇಲೆ ಹೇಳಿದ ಮಾತು ನನಗೆ ಇವತ್ತಿಗೂ ನೆಟ್ಟಗೆ ನೆನಪಿದೆ.

"ಜೋಳದಿಂದ ಹುಟ್ಟಿದ ಗಾಳಿ ಬಾಯಿ ತೆರೆದರೆ ಒಂದು ಸಲಕ್ಕೆ ಹೋಗಿ ಮುಗೀತದೆ ಅವ್ವಾ. ಇದು ಕಲ್ಲಿನಿಂದ ಹುಟ್ಟೋದು. ಕಲ್ಲು ಇರೋ ತನಕ ಬರ್ತಾನೇ ಇರ್ತದೆ. ನೀವು ಹೋಗಲಿ ಅಂತ ತೆರೆದಿರಿ, ಅದು ಬರೋದಕ್ಕೆ ಬಾಗಿಲಾಯ್ತು. ಹೊರಗೆ ಹೋಗೋಣ ಅಂದರೆ ಕಿಟಕಿ ಮುಚ್ಚಿದೆ."

"ಮತ್ತ ದೀಪ?"

"ದೀಪ ಆರಿಸೋವಷ್ಟು ಇದು ಯಾವತ್ತೂ ಇರೋದಿಲ್ಲ. ದೀಪಕ್ಕೆ ಗೊತ್ತಾಗೋದಿಲ್ಲ, ಶ್ವಾಸಕೋಶಕ್ಕೆ ಗೊತ್ತಾಗ್ತದೆ."

ನಮ್ಮ ಮಾವ ಕಲಿಸಿದ್ದು ಸುಳ್ಳಲ್ಲ, ಜೋಳದ ಗಾಳಿಗೆ ಅದು ಸರಿ. ಇದು ಬೇರೆ ಗಾಳಿ, ನನಗೆ ಗೊತ್ತಿರಲಿಲ್ಲ, ಈ ಹುಡುಗಿಗೆ ಗೊತ್ತಿತ್ತು. ಅಷ್ಟೇ.

"ಬಾಯಿ ಮುಚ್ಚಿದರ ಸರಿಹೋಗತೈತೇನು?" ಅಂತ ಕೇಳಿದೆ.

"ಕಡಿಮೆ ಆಗ್ತದೆ. ಆದರೆ ಬಂಡೆ ಸಂದಿ ಎಲ್ಲ ಬಿಟ್ಟಿವೆ, ಕಿಟಕಿ ಮುಚ್ಚಿದೆ. ಮುಚ್ಚಿದರಷ್ಟೇ ಸಾಲದು. ಸಾರ್ ಹತ್ತಿರ ಕೇಳಿಕೊಂಡು ಬರ್ತೀನಿ. ಅಲ್ಲಿ ತನಕ ಕಿಟಕಿ ತೆಗೆದಿಡಿ, ಮಲಗೋದು ಹೊರಗೆ."

ಅವಳು ಹೋದ ಮೇಲೆ ಮಿಷನ್ನು ಪಡಸಾಲೆಗೆ ಬಂತು. ಪಡಸಾಲೆಗೆ ಓಣಿಯ ಮಣ್ಣೂ ಬಂತು. ವಾರದೊಳಗೆ ಯೂನಿಟ್ಟಿನವರು ಒಂದು ಬಂಡಲ್ ಪೂರ್ತಿ ವಾಪಸ್ಸು ಕಳಿಸಿದರು, ಹೀಗೇ ಆದರೆ ಇನ್ನು ಮೇಲೆ ಬೇರೆಯವರಿಗೆ ಕೊಡುತ್ತೇವೆ ಅಂತ ಹೇಳಿಯೂ ಕಳಿಸಿದರು. ಅವತ್ತು ರತ್ನ ಆ ಬಂಡಲ್ ಬಿಚ್ಚಿ, ಒಂದೊಂದೇ ಜೇಬು ಕೊಡವುತ್ತ ಕೂತಳು. ಕೊಡವಿದಷ್ಟೂ ಕೆಂಪು ಮಣ್ಣು.

"ಅತ್ತೆ, ನಾನು ವಾಪಸ್ ಹೋಗ್ತೀನಿ."

"ಹೋಗು," ಅಂದೆ. "ನಾನೇನು ಸೆರಗು ಹಿಡದು ಎಳೀತೀನೇನು?"

ಅವಳು ಜೇಬು ಕೆಳಗಿಟ್ಟಳು. "ನಂಗೇನು ಆಸೆನಾ ಹೋಗೋಕೆ? ಅಲ್ಲಿ ಲೈನಲ್ಲಿ ಕೂತ್ರೆ ಒಂದಕ್ಕೆ ಎದ್ದು ಹೋಗೋಕೂ ಸೂಪರ್‌ವೈಸರ್ ಮುಖ ನೋಡ್ಬೇಕು. ಮಗೀನ ಯಾರ ಕೈಗೆ ಕೊಡ್ಲಿ ಅಲ್ಲಿ? ಮತ್ತೆ ಆ ಬೀಗಕ್ಕಾ? ಇಲ್ಲಿದ್ರೆ ಗಾಳಿ, ಅಲ್ಲಿದ್ರೆ ಬೀಗ. ನೀವೇ ಹೇಳಿ ಅತ್ತೆ, ಯಾವುದು ಆರಿಸ್ಕೊಳ್ಲಿ?"

ಗೌರಿ ನಡುವೆ ಕೂತು ದಾರದ ತುಂಡುಗಳನ್ನು ಗಂಟು ಹಾಕುತ್ತಿತ್ತು.

"ಜೂನಿಗೆ ಅವಳನ್ನ ಶಾಲೆಗೆ ಹಾಕ್ಬೇಕು," ಅಂದಳು ರತ್ನ. "ಅಷ್ಟರೊಳಗೆ ಆ ಕೋಣೆ ಸರಿಯಾದ್ರೆ ಸರಿ. ಇಲ್ದಿದ್ರೆ ಅಲ್ಲೇ ಸೇರಿಸ್ತೀನಿ. ಅರ್ಧದಲ್ಲಿ ಕಿತ್ತು ಇನ್ನೊಂದು ಕಡೆ ನೆಡೋಕೆ ಅದೇನು ಮೆಣಸಿನ ಸಸಿನಾ?"

ನ್ಯಾಯದ ಮಾತು. ಅವತ್ತಿನಿಂದ ಜೂನ್ ನನ್ನ ತಲೆಯಲ್ಲಿ ಕೂತಿತು. ಎರಡು ವಾರ ಶೈಲಜಳ ಸುಳಿವಿಲ್ಲ. ಯೂನಿವರ್ಸಿಟಿಯವರು ಬರುತ್ತಾರೆ, ಅಳೆಯುತ್ತಾರೆ, ಹೋಗುತ್ತಾರೆ, ಇವಳೂ ಹಾಗೇ ಅಂದುಕೊಂಡೆ. ನಾನು ಅಂದುಕೊಂಡದ್ದು ತಪ್ಪು. ಯುಗಾದಿಗೆ ಮುಂಚೆ ಅವಳು ಬಸ್ಸಿನಲ್ಲಿ ಬಂದಳು, ಮಡಿಲಲ್ಲಿ ಒಂದು ಪುಟ್ಟ ಫ್ಯಾನಿನ ಡಬ್ಬ ಇಟ್ಟುಕೊಂಡು. ಅವಳ ಸಾರ್ ಕೊಟ್ಟು ಕಳಿಸಿದ್ದರಂತೆ.

ಉಪಾಯ ಕೇಳಿ ನನಗೇ ನಗು ಬಂತು. ಹಗೇವಿನ ಬಾಯಿಗೆ ಬಂಡೆ ಹಾಕಿ ಸಿಮೆಂಟಿನಿಂದ ಬಿಗಿಯಬೇಕು. ಬಂಡೆಯಲ್ಲಿ ಒಂದು ತೂತು. ತೂತಿಗೆ ಪೈಪು. ಪೈಪು ಕೋಣೆಯ ಮೂಲೆ ಹಿಡಿದು ಹತ್ತಿ, ಬೆಳಕಿಂಡಿಯಿಂದ ಮಾಳಿಗೆ ಮೇಲಕ್ಕೆ ಹೋಗಬೇಕು. ಮೇಲ್ತುದಿಯಲ್ಲಿ ಫ್ಯಾನು. ಅದು ಹಗೇವಿನ ಗಾಳಿಯನ್ನು ಎಳೆದು ಆಕಾಶಕ್ಕೆ ಬಿಡುತ್ತದೆ. ಸುತ್ತಲಿನ ನೆಲದ ಗಾಳಿಯೂ ಕೋಣೆಗೆ ಬರುವ ಬದಲು ಹಗೇವಿಗೇ ಹೋಗುತ್ತದೆ.

"ಬೇರೆ ಮನೆಯಾದರೆ ಇದಕ್ಕೆ ಅಂತಲೇ ಗುಂಡಿ ತೋಡಬೇಕಿತ್ತು ಅವ್ವಾ," ಅಂದಳು. "ನಿಮ್ಮ ಹಿರಿಯರು ಮೊದಲೇ ತೋಡಿ ಇಟ್ಟಿದ್ದಾರೆ."

ಗಾರೆ ಕೆಲಸದ ಖಾಸಿಂ ಬಂದ. ನಮ್ಮ ಮಾಳಿಗೆ ಸೋರಿದಾಗೆಲ್ಲ ಬರುವವನು ಅವನೇ. ಬೋರ್‌ವೆಲ್ ಹಾಕುವವರ ಹತ್ತಿರ ಉಳಿದಿದ್ದ ಪೈಪು ಹೊತ್ತು ತಂದಿದ್ದ. ವಿಷಯ ಕೇಳಿ ತಲೆ ಕೆರೆದುಕೊಂಡ.

"ಏನಮ್ಮಾ, ಬಾವಿಗೆ ಪೈಪು ಇಳಿಸೀನಿ, ಬಚ್ಚಲಿಗೆ ಇಳಿಸೀನಿ. ಬರೇ ಗಾಳಿಗೆ ಪೈಪು ಇಳಿಸೋದು ಇದೇ ಮೊದಲು."

"ಮೊದಲು ಇಳಿಸು, ಆಮ್ಯಾಲ ಮಾತಾಡು," ಅಂದೆ.

ಬಿಸಿಲು ಏರುತ್ತಿತ್ತು. ಬಂಡೆಗೆ ತೂತು ಹೊಡೆಯುವ ಸದ್ದಿಗೆ ಓಣಿಯ ನಾಯಿಗಳೆಲ್ಲ ಬೊಗಳಿದವು. ಶೈಲಜ ಮೊಣಕಾಲೂರಿ ಬಂಡೆ ಸಂದಿಗೆಲ್ಲ ಸಿಮೆಂಟು ಒತ್ತಿಸಿದಳು. ಗೋಡೆಯ ಬುಡದಲ್ಲಿ ಖಾಸಿಂ ಒಂದು ಬಿರುಕು ಬಿಟ್ಟದ್ದನ್ನು ಕಂಡುಹಿಡಿದು ಮತ್ತೆ ಮಾಡಿಸಿದಳು. ಆ ಹುಡುಗಿಯ ಕೈ ನೋಡಿದೆ, ಪೆನ್ನು ಹಿಡಿಯುವ ಕೈ, ಸಿಮೆಂಟಿಗೆ ಸುಲಿದು ಕೆಂಪಾಗಿತ್ತು. ಕೊಬ್ಬರಿ ಎಣ್ಣೆ ಕೊಟ್ಟೆ. ಕಿಟಕಿಯ ಗೋಣಿಚೀಲ ಕಿತ್ತೆಸೆದು ರತ್ನ ಎರಡು ಪದರ ಸೊಳ್ಳೆಪರದೆ ಹೊಲಿದು ಹಾಕಿದಳು. ಗಾಳಿ ಬರುತ್ತದೆ, ಮಣ್ಣು ಬರುವುದಿಲ್ಲ. ಇದನ್ನು ಮೊದಲೇ ಮಾಡಬಹುದಿತ್ತು, ಹೊಳೆಯಲಿಲ್ಲ.

ಫ್ಯಾನು ತಿರುಗತೊಡಗಿದ ದಿನ ಈರಮ್ಮ ತನ್ನ ಮಾಳಿಗೆ ಹತ್ತಿ ನಿಂತಿದ್ದಳು.

"ಏನಕ್ಕಾ, ಹಗೇವಿನಾಗಿನ ಇಲಿಗೆ ಸೆಕಿ ಆಗತೈತೇನು, ಫ್ಯಾನು ಹಾಕಿಸೀದಿ?"

"ಹೌದವ್ವಾ. ನಿಮ್ಮ ಮನಿ ಇಲಿನೂ ಇಲ್ಲೇ ಬಂದು ಮಲಗ್ಯಾವ. ಎಬ್ಬಿಸಿ ಕಳಸಲೇನು?"

ಶೈಲಜ ಇನ್ನೊಂದು ಬಟ್ಟಲು ತೂಗಹಾಕಿದಳು. ಈ ಸಲ ನನ್ನ ಎರಡೂ ಕೈ ಹಿಡಿದುಕೊಂಡು ಹೇಳಿದಳು: "ಅವ್ವಾ, ನಿಮ್ಮ ಕಾಲಿಗೆ ಬೀಳ್ತೀನಿ, ಏನೂ ತೆಗೆಯಬೇಡಿ, ಏನೂ ಮುಚ್ಚಬೇಡಿ. ಫ್ಯಾನು ನಿಲ್ಲಿಸಬೇಡಿ. ಕೋಣೆಯಲ್ಲಿ ಕೆಲಸ ಇನ್ನೂ ಬೇಡ."

"ಫಲಿತಾಂಶ ಯಾವಾಗ?" ಅಂತ ರತ್ನ ಕೇಳಿದಳು.

"ಶಾಲೆ ಶುರುವಾಗೋ ಹೊತ್ತಿಗೆ ಖಂಡಿತ ಹೇಳ್ತೀನಿ ಅಕ್ಕ."

ಆ ಬೇಸಿಗೆ ಉದ್ದವಾಗಿತ್ತು. ಬೆಟ್ಟದ ಬಂಡೆ ಹಗಲಿಡೀ ಕಾದು ಸಂಜೆಗೆ ನಮ್ಮ ಮೇಲೆ ಉಸಿರು ಬಿಡುತ್ತಿತ್ತು. ರತ್ನ ಪಡಸಾಲೆಯ ಮೂಲೆಗೆ ಸೀರೆ ಕಟ್ಟಿ, ಅದರೊಳಗೆ ಮಿಷನ್ನಿಟ್ಟು, ಬೆವರು ಬಟ್ಟೆಗೆ ಬೀಳದಂತೆ ಹಣೆಗೆ ಟವೆಲ್ ಸುತ್ತಿ ಹೊಲಿದಳು. ಯೂನಿಟ್ಟಿನವರು ಅರ್ಧ ಬಂಡಲ್ ಮಾತ್ರ ಕೊಡುತ್ತಿದ್ದರು. ನಾನು ಬಟ್ಟಲು ಕಾಯುತ್ತಿದ್ದೆ. ಬೆಕ್ಕು ಒಳಗೆ ಹೋದರೆ ಓಡಿಸುವುದು, ಗೌರಿ ಇಣುಕಿದರೆ ಗದರುವುದು. ಮಲ್ಲೇಶ ಒಂದು ವಾರ ರಜೆಗೆ ಬಂದವನು ಅಭ್ಯಾಸಬಲದಿಂದ ಬೀಡಿ ಹಚ್ಚಿಕೊಂಡು ಆ ಕೋಣೆಯ ಬಾಗಿಲಿಗೆ ನಿಂತ. ಪೊರಕೆ ಎತ್ತಿದೆ.

"ಏನವ್ವಾ, ಸ್ವಂತ ಮಗನಿಗೆ?"

"ಮಗ ಅಂತನೇ ಪೊರಕಿ ತಗೊಂಡೀನಿ. ಬ್ಯಾರೆಯವರಾಗಿದ್ರ ಹಾರೆ ತಗೋತಿದ್ದೆ. ಹೋಗು, ಬಯಲಾಗ ಸೇದಿ ಬಾ."

ಅವನು ಬೆಂಗಳೂರಿಗೆ ಹೊರಡುವಾಗ ರತ್ನ ಬಸ್‌ಸ್ಟ್ಯಾಂಡಿಗೆ ಹೋಗಿದ್ದಳು. ತಿರುಗಿ ಬಂದು, "ಜೂನಿಗೆ ನಂಗೂ ಲೈನಲ್ಲಿ ಜಾಗ ಕೇಳಿಡ್ತಾರಂತೆ," ಅಂದಳು. ಅಷ್ಟೇ ಅಂದಳು. ನಾನು ಹೂಂ ಅಂದೆ. ಇಬ್ಬರೂ ರೊಟ್ಟಿ ತಿಂದೆವು.

ಮುಂಗಾರಿನ ಮೊದಲ ಹದಮಳೆ ಬಿದ್ದ ವಾರ. ಓಣಿಯಲ್ಲಿ ಕೆಸರು. ಶಾಲೆಯ ಬಾಗಿಲು ತೆರೆದು ಆಗಲೇ ಮಕ್ಕಳು ಬ್ಯಾಗು ಹೊತ್ತು ಓಡಾಡುತ್ತಿದ್ದರು. ರತ್ನ ಹಳೆ ಸೂಟ್‌ಕೇಸ್ ಕೆಳಗಿಳಿಸಿ ಒರೆಸಿ, ಬಿಸಿಲಿಗೆ ಇಟ್ಟಿದ್ದಳು. ಮಳೆಗೆ ಮುಂಚೆ ಬಂದು ಬಟ್ಟಲು ಬಿಚ್ಚಿಕೊಂಡು ಹೋದ ಯೂನಿವರ್ಸಿಟಿಯವರ ಸುದ್ದಿ ಇನ್ನೂ ಇಲ್ಲ. ಮಧ್ಯಾಹ್ನದ ಹೊತ್ತು, ಚಪ್ಪಲಿ ಕೈಯಲ್ಲಿ ಹಿಡಿದು, ಕಾಲಿಗೆಲ್ಲ ಕೆಸರು ಮಾಡಿಕೊಂಡು ಶೈಲಜ ಓಣಿಯಲ್ಲಿ ಬರುವುದು ಕಂಡಿತು. ಬಾಗಿಲಿಗೆ ಬರುವ ಮೊದಲೇ ಕೂಗಿದಳು.

"ಅವ್ವಾ! ಇಳಿದಿದೆ!"

ರತ್ನ ಹೊರಗೆ ಬಂದಳು. "ಎಷ್ಟು ಇಳಿದೈತೆ?"

"ಇರಬಹುದಾದ ಮಿತಿಗಿಂತ ಕೆಳಗೆ. ಮೊದಲಿನದಕ್ಕೆ ಹೋಲಿಸಿದರೆ ಏನೂ ಇಲ್ಲ ಅನ್ನಿ. ಸಾರ್ ಈ ಸಲವೂ ಎರಡು ಸಲ ಎಣಿಸಿದರು. ಕೋಣೆಯಲ್ಲಿ ಕೆಲಸ ಮಾಡಬಹುದು, ಮಲಗಬಹುದು. ಫ್ಯಾನು ಮಾತ್ರ ನಿಲ್ಲಬಾರದು, ವರ್ಷಕ್ಕೊಮ್ಮೆ ನಾನು ಬಂದು ನೋಡ್ತೀನಿ."

ರತ್ನ ಪಡಸಾಲೆಯ ಮೂಲೆಗೆ ಹೋದಳು. ಪರದೆಗೆ ಕಟ್ಟಿದ್ದ ಸೀರೆ ಬಿಚ್ಚಿದಳು, ಮಿಷನ್ನಿನ ಒಂದು ಬದಿಗೆ ಬಗ್ಗಿದಳು. "ಅತ್ತೆ, ಆ ಕಡೆ ಹಿಡೀರಿ," ಅಂದಳು. ನಾನು ಹಿಡಿದೆ. ಕೆಸರುಗಾಲಿನ ಹುಡುಗಿ ನಡುವೆ ಕೈಕೊಟ್ಟಳು. ಮೂವರೂ ಹೊತ್ತು ಕಿಟಕಿಯ ಕೆಳಗೆ ಇಟ್ಟೆವು. ಹಗೇವಿನ ಬಂಡೆಯ ಮೇಲೆ ಕಾಲಿಟ್ಟಾಗ ಪೈಪಿನೊಳಗಿಂದ ಸಣ್ಣಗೆ ಹೂಂ ಅನ್ನುವ ಸದ್ದು ಕೇಳುತ್ತಿತ್ತು.

ನಮ್ಮಲ್ಲಿ ಉಪಕಾರ ಆಯಿತು ಅಂತ ಬಾಯಿಬಿಟ್ಟು ಹೇಳುವ ರೂಢಿಯಿಲ್ಲ. ಹೇಳಿದರೆ ಅದು ಅಲ್ಲಿಗೇ ತೀರಿಹೋಗುತ್ತದೆ ಅನ್ನಿಸುತ್ತದೆ. ಜೋಳದ ರೊಟ್ಟಿ ಬಡಿದೆ, ಕಡಲೆಕಾಯಿ ಚಟ್ನಿ ಅರೆದೆ. ಹುಡುಗಿ ಎರಡು ರೊಟ್ಟಿಗೆ ಸಾಕು ಅಂದಳು. "ನೀನು ಸಾಕಂದ್ರ ಆತೇನು?" ಅಂತ ಮೂರನೆಯದು ಹಾಕಿದೆ, ತಿಂದಳು. ಯಾರ ಮನೆಯ ಮಗಳೋ. ನಮ್ಮ ಮಾತು ಸರಿಯಾಗಿ ಬಾರದು, ನಮ್ಮ ಹಗೇವು ನೋಡಿರಲಿಲ್ಲ, ನಾನು ಅವಳ ಮೊದಲ ಬಟ್ಟಲಿನ ಕೆಲಸವನ್ನೇ ಕೆಡಿಸಿದವಳು. ಆದರೂ ಮೂರು ಬಸ್ಸು ಬದಲಾಯಿಸಿ ಬಂದು, ನನ್ನ ನೆಲದ ಮೇಲೆ ಮೊಣಕಾಲೂರಿ ಸಿಮೆಂಟು ಒತ್ತಿಸಿದಳು. ಹೊರಡುವಾಗ ಅವಳ ಚೀಲಕ್ಕೆ ಹುರಿದ ಕಡಲೆಕಾಯಿ ತುಂಬಿದೆ. ಬೇಡ ಅಂದಳು. ಕಣ್ಣು ಬಿಟ್ಟೆ, ಚೀಲ ಹೆಗಲಿಗೆ ಹಾಕಿಕೊಂಡಳು.

ಸೂಟ್‌ಕೇಸನ್ನು ರತ್ನ ಯಾವಾಗ ಮತ್ತೆ ಅಟ್ಟಕ್ಕೆ ಹಾಕಿದಳೋ ನಾನು ನೋಡಲಿಲ್ಲ.

ಮರುದಿನ ಬೆಳಿಗ್ಗೆ ಗೌರಿಗೆ ತಲೆ ಬಾಚಿ ಎರಡು ಜಡೆ ಹಾಕಿದೆ, ಕೈ ಹಿಡಿದು ಶಾಲೆಗೆ ಕರೆದುಕೊಂಡು ಹೋದೆ. ಮೇಷ್ಟ್ರು ಮೊದಲು ಮಗುವನ್ನು ನೋಡಿದರು, ಆಮೇಲೆ ನನ್ನನ್ನು.

"ಅಪ್ಪ ಅಮ್ಮ ಎಲ್ಲದಾರ? ಬೆಂಗಳೂರಾಗೇನು? ಹಿಂಗ ಹೆಸರು ಬರಸ್ತೀರಿ, ದಸರಾಕ್ಕ ಕರ್ಕೊಂಡು ಹೋಗಿಬಿಡ್ತೀರಿ. ನಾವು ಯಾರಿಗೆ ಪಾಠ ಹೇಳಬೇಕ್ರಿ?"

"ಇದು ಎಲ್ಲಿಗೂ ಹೋಗೂದಿಲ್ರಿ," ಅಂದೆ. "ಬರಕೊಳ್ರಿ."

ಅವರು ಬರೆದುಕೊಂಡರು. ನಾನು ಮಗುವನ್ನು ಒಳಗೆ ತಳ್ಳಿ, ದಾರ ಕತ್ತರಿಸುವ ಕೆಲಸಕ್ಕೆ ಹೊತ್ತಾಯಿತು ಅಂತ ಮನೆಗೆ ನಡೆದೆ.